ಸೆಕೆಂಡಿಗೆ ಎಷ್ಟು ತಪ್ಪು

ರೂವಿಯ ಹಳೆ ಕಟ್ಟಡ, ಎರಡನೇ ಮಾಳಿಗೆ,
ಟೈರು, ಬ್ಯಾಟರಿ, ಬಿಡಿಭಾಗದ ಕಂಪನಿ.
ಹೊರಗೆ ರಾತ್ರಿ ಹತ್ತಕ್ಕೂ ಮೂವತ್ತೆಂಟು ಡಿಗ್ರಿ,
ಒಳಗೆ ಯಂತ್ರಕ್ಕೆಂದು ಹದಿನೆಂಟು.
ಅದರ ಪುಣ್ಯದಲ್ಲಿ ನನಗೂ ಒಂದು ಸ್ವೆಟರು.

ಫ್ರಿಜ್ಜಿನೆತ್ತರದ ಕಪ್ಪು ಪೆಟ್ಟಿಗೆ.
ಬ್ಯಾಂಕಿನವರ ಆನೆಯಲ್ಲ,
ಮೇಜಿನ ಮೇಲೆ ಮಲಗುವ ಬೆಕ್ಕೂ ಅಲ್ಲ;
ನಡುವಿನದು, ಗಾಣದೆತ್ತಿನಂಥದು,
ಕಟ್ಟಿದ ಹಗ್ಗದಷ್ಟೇ ಅದರ ಲೋಕ.

ತಿಂಗಳ ಕೊನೆ, ರಂಜಾನಿನ ರಾತ್ರಿ.
ಒಂದು ಕಡೆ ಆರುನೂರ ಹನ್ನೊಂದು ಜನರ ಸಂಬಳ,
ಇನ್ನೊಂದು ಕಡೆ ಒಂದು ಗಂಟೆಯವರೆಗೂ ತೆರೆದಿರುವ ಅಂಗಡಿಗಳು.
ಸೋಹಾರಿನಿಂದ ಶರ್ಫುದ್ದೀನನ ಫೋನು:
"ಅಕ್ಕಾ, ಪರದೆ ಕಲ್ಲಾಗಿದೆ.
ಎಂಟರ್ ಒತ್ತಿ ಚಾ ಕುಡಿದು ಬಂದೆ, ಇನ್ನೂ ಕಲ್ಲೇ."

ಸ್ಥಿತಿಯ ಪರದೆ ತೆರೆದೆ. ನಾಲ್ಕು ಕೊಳ:
ಯಂತ್ರದ್ದು, ಎಲ್ಲರದ್ದು, ಕೌಂಟರಿನವರದ್ದು, ಪ್ರಿಂಟರಿನದ್ದು.
ಪ್ರತಿ ಕೊಳದೆದುರು ಒಂದು ಅಂಕಿ,
ಸೆಕೆಂಡಿಗೆ ಎಷ್ಟು ತಪ್ಪು ಎಂದು.
ಬೇಕಾದ ಪುಟ ಕೈಯಳತೆಯಲ್ಲಿರದೆ
ಡಿಸ್ಕಿನ ಪಾತಾಳಕ್ಕಿಳಿದು ತಂದರೆ ಅದೊಂದು ತಪ್ಪು.
ಹತ್ತು ಸಹ್ಯ. ಇಪ್ಪತ್ತಕ್ಕೆ ಹುಬ್ಬೇರುತ್ತದೆ.
ಕೌಂಟರಿನ ಕೊಳದಲ್ಲಿ ಇನ್ನೂರ ಹದಿನಾಲ್ಕು.
(ಮನುಷ್ಯರ ತಪ್ಪನ್ನು ಯಾರೂ ಹೀಗೆ ಎಣಿಸಿ ತೋರಿಸುವುದಿಲ್ಲ,
ಬರೀ ಮುಖ ತಿರುಗಿಸುತ್ತಾರೆ.)

ಲೆಕ್ಕವಿಭಾಗದ ಖಲ್ಫಾನ್, ಇಜ್ಕಿಯವನು,
ಖರ್ಜೂರ ಬಾಯಿಗಿಟ್ಟುಕೊಂಡು ಬಗ್ಗಿ ನೋಡಿದ.
"ಇದು ನಮ್ಮೂರ ಫಲಜು" ಎಂದ.
ಬೆಟ್ಟದ ಬುಡದಿಂದ ಬರುವ ಕಾಲುವೆ ನೀರನ್ನು
ಹಗಲು ಕೋಲಿನ ನೆರಳಲ್ಲಿ, ರಾತ್ರಿ ನಕ್ಷತ್ರದಲ್ಲಿ ಅಳೆದು
ಅರ್ಧರ್ಧ ಗಂಟೆ ತೋಟತೋಟಕ್ಕೆ ತಿರುಗಿಸುತ್ತಿದ್ದನಂತೆ ಅವನ ತಾತ.
"ಕೂಗಿದವರಿಗೆಲ್ಲ ಬಿಟ್ಟರೆ
ಕೊನೆಯ ಮರ ಮಾತಾಡದೆ ಒಣಗುತ್ತದೆ.
ಮೊದಲು ಕುಡಿಯುವ ನೀರು, ಆಮೇಲೆ ಮಸೀದಿ,
ತೋಟ ಆಮೇಲೆ."

ಯಂತ್ರದ ಕೊಳ ಮುಟ್ಟಲಿಲ್ಲ; ಅದು ಕುಡಿಯುವ ನೀರು.
ಸಂಬಳದ ಪಾಲಿನಿಂದ ನಾನೂರು ಎಂಬಿ ಕಿತ್ತು
ಕೌಂಟರಿಗೆ ಬಿಟ್ಟೆ.
ಕ್ಯಾಶನ್ನು "ನೀನೇ ಲೆಕ್ಕ ಹಾಕಿಕೋ" ಎಂಬಲ್ಲಿಗೆ ತಿರುಗಿಸಿದೆ.
ಇನ್ನು ಅದೇ ಗಮನಿಸುತ್ತದೆ,
ಯಾವುದನ್ನು ಮತ್ತೆ ಮತ್ತೆ ಕೇಳುತ್ತಾರೆ,
ಯಾವುದನ್ನು ಒಮ್ಮೆ ಕೇಳಿ ಮರೆಯುತ್ತಾರೆ.
ಆಮೇಲೆ ಐದು ನಿಮಿಷ ಕೈಕಟ್ಟಿ ಕೂತೆ.
ಕೂಡಲೆ ನೋಡಿದರೆ ಅಂಕಿ ಸುಳ್ಳು ಹೇಳುತ್ತದೆ.

ಇನ್ನೂರು ನೂರಾಯಿತು. ನೂರು ಅರವತ್ತಾಗಿ
ಅಲ್ಲೇ ಹಟ ಹಿಡಿಯಿತು.
ಅತ್ತ ಸಂಬಳ ತೆವಳತೊಡಗಿತು, ಅದರಲ್ಲೆಲ್ಲೋ ನಾನೂ ಇದ್ದೆ.

ಯಾರು ಇಷ್ಟು ಕುಡಿಯುತ್ತಿರುವವರು?
ಹುಡುಕಿದೆ. ಸೋಹಾರು, ಮೂರನೇ ಪರದೆ.
ಇಡೀ ನೌಕರರ ಕಡತವನ್ನು ಬುಡಮೇಲು ಮಾಡಿ
ಒಂದೇ ಹೆಸರು, ಸಂಜೆಯಿಂದ ನಲವತ್ತೊಂದು ಸಲ:
ಮೊಯ್ದಿನ್ ಕುಂಞಿ, ಲಾರಿ ಚಾಲಕ.
ಸೇವೆ ಸಮಾಪ್ತಿ ಫೆಬ್ರವರಿ ಹನ್ನೆರಡು.
ಕಾರಣ: ಸಂಕೇತ ಒಂಬತ್ತು.
ಒಂಬತ್ತೆಂದರೆ ಸಾವು.
ಬಾಕಿ ಇತ್ಯರ್ಥದ ಕಲಮು ಖಾಲಿ.

"ಶರ್ಫೂ, ನಿನ್ನ ಪರದೆಗೆ ಕಲ್ಲು ಹಾಕಿದ್ದು ನೀನೇ."
ಆ ಕಡೆ ಫ್ಯಾನಿನ ಸದ್ದು ಮಾತ್ರ.
"ಒಂದೇ ಕೋಣೆ ಅಕ್ಕಾ, ನಂದು ಮೇಲಿನ ಮಂಚ, ಅವಂದು ಕೆಳಗಿಂದು.
ಮನೆಯವರು ದಿನಾ ಕೇಳ್ತಾರೆ, ಇವತ್ತಾದರೂ ಬಂತಾ ಅಂತ."
"ಹೆಸರು ಹಾಕಿ ಹುಡುಕಬೇಡ, ಯಂತ್ರ ಸಾಯುತ್ತದೆ. ನಂಬರು ಹಾಕು."
"ನಂಬರು ಗೊತ್ತಿಲ್ಲ. ಹೆಸರಷ್ಟೇ."

ಸಹರಿಯ ಹೊತ್ತಿಗೆ ಸಂಬಳ ಮುಗಿಯಿತು.
ತಪ್ಪುಗಳು ಎಂಟಕ್ಕಿಳಿದವು.
ಹರಿದ ಪ್ರಿಂಟರ್ ಕಾಗದದ ಅಂಚಿನಲ್ಲಿ
ಸೊನ್ನೆ ನಾಲ್ಕು ಒಂದು ಏಳು ಎಂದು ಬರೆದುಕೊಟ್ಟೆ.
ಖಲ್ಫಾನ್ ಓದಿದ, ಏನೂ ಹೇಳಲಿಲ್ಲ,
ಡಿಶ್‌ಡಾಶಾದ ಜೇಬಿಗಿಟ್ಟುಕೊಂಡು ನಮಾಜಿಗೆ ಹೋದ.

ಕೊನೆಯದಾಗಿ ಒಮ್ಮೆ ನಾನೇ ಆ ಹೆಸರು ಕೇಳಿದೆ.
ಡಿಸ್ಕಿನ ದೀಪ ಮಿನುಗಲೂ ಇಲ್ಲ.
ಪುಟ ಮೇಲೆಯೇ ಇತ್ತು.